ಬಾವುಟ ಕೊಟ್ಟ ಹುಡುಗಿ

ಫೋನು ಬಂದದ್ದು ಅಕ್ಕನಿಗಲ್ಲ, ಗುಬ್ಬಿಗೆ. ಅನುಮಾನ ಹುಟ್ಟಲು ಅಷ್ಟೇ ಸಾಕಾಯಿತು.

ರಾಷ್ಟ್ರದಿನ ಹತ್ತಿರವಾದಾಗಲೆಲ್ಲ ಆ ಮನೆಯಲ್ಲಿ ಫೋನು ಬರುತ್ತಿದ್ದದ್ದು ಅಕ್ಕನಿಗೆ. ಶಾಲೆಯವರು ಕರೆಯುತ್ತಿದ್ದರು, ರೇಡಿಯೋದವರು ಕರೆಯುತ್ತಿದ್ದರು, ಒಂದೆರಡು ಸಲ ಟಿವಿಯವರು ಮನೆಗೇ ಬಂದು, ಸೋಫಾ ಸರಿಸಿ, ಕಣ್ಣು ಕುಕ್ಕುವ ದೀಪ ಹಚ್ಚಿ ಮಾತಾಡಿಸಿ ಹೋಗಿದ್ದರು. ಯಾಕೆಂದರೆ ಅಕ್ಕ ಬಾವುಟ ಕೊಟ್ಟ ಹುಡುಗಿ. ಮೊಟ್ಟಮೊದಲ ರಾಷ್ಟ್ರದಿನದ ಮೆರವಣಿಗೆಯಲ್ಲಿ ಕುದುರೆ ಮೇಲಿದ್ದ ಸಿಪಾಯಿ ಬಗ್ಗಿ, ಪುಟ್ಟ ಹುಡುಗಿಯೊಬ್ಬಳ ಕೈಯಿಂದ ಕಾಗದದ ಬಾವುಟ ತಗೊಳ್ಳುವ ಆ ಫೋಟೋ ದೇಶದಲ್ಲಿ ನೋಡದವರಿಲ್ಲ. ಶಾಲೆ ಪುಸ್ತಕದಲ್ಲಿದೆ, ಅಂಚೆಚೀಟಿಯಲ್ಲಿದೆ, ಅರವತ್ತನೇ ವರ್ಷವೆಂದು ಈ ಸಲ ಹಾಲಿನ ಪೊಟ್ಟಣದ ಮೇಲೂ ಬಂದಿದೆ. ಹುಡುಗಿಯ ಮುಖ ಕಾಣುವುದು ಒಂದು ಪಕ್ಕದಿಂದ ಮಾತ್ರ. ಗಿಡ್ಡ ಕತ್ತರಿಸಿದ ಕೂದಲು, ದೊಗಲೆ ಸ್ವೆಟರು, ಒಂದು ಕಾಲುಚೀಲ ಮಂಡಿವರೆಗೆ, ಇನ್ನೊಂದು ಜಾರಿ ಬೂಟಿನ ಮೇಲೆ. ಅಂಥ ಹುಡುಗಿಯರು ಆಗ ಬೀದಿಗೊಬ್ಬರಲ್ಲ, ಮನೆಗೊಬ್ಬರಿದ್ದರು. ಇವರ ಮನೆಯಲ್ಲಂತೂ ಇಬ್ಬರು.

ಫೋನಿನಲ್ಲಿ ಮಾತಾಡಿದ್ದು ಸಮಾರಂಭ ಸಮಿತಿಯ ಅಧಿಕಾರಿ, ದನಿ ಕೇಳಿದರೆ ಚಿಕ್ಕ ವಯಸ್ಸಿನಾಕೆ. ಫೋಟೋದಲ್ಲಿರುವ ಹುಡುಗಿ ನೀವೇ ಇರಬಹುದೆಂದು ಗೊತ್ತಾಗಿದೆ, ಗುರುವಾರ ಕಚೇರಿಗೆ ಬಂದುಹೋಗಿ ಎಂದಳು. ಯಾರು ಹೇಳಿದ್ದೆಂದು ಗುಬ್ಬಿ ಕೇಳಿದರೆ, "ಅದೆಲ್ಲ ಬಂದಾಗ ಮಾತಾಡೋಣ ಮೇಡಂ" ಎಂದು ಮೆಲ್ಲಗೆ ಜಾರಿಕೊಂಡಳು.

ಅಡುಗೆಮನೆಯಲ್ಲಿ ಬ್ರೆಡ್ಡು ಕಾಯಿಸುತ್ತಿದ್ದ ಅಕ್ಕ ಯಾರದೇ ಫೋನು ಎಂದು ಕೂಗಿದಳು. ಯಾವುದೋ ಇನ್ಶೂರೆನ್ಸಿನವರು ಎಂದು ಗುಬ್ಬಿ ಬಾಯಿಗೆ ಬಂದ ಸುಳ್ಳು ಹೇಳಿದಳು. ಅಕ್ಕ ಮತ್ತೇನೂ ಕೇಳಲಿಲ್ಲ. ಹಾಗೆ ಕೇಳದೆ ಇದ್ದದ್ದೇ ಗುಬ್ಬಿಗೆ ಸರಿ ಕಾಣಲಿಲ್ಲ. ಇನ್ಶೂರೆನ್ಸಿನವರು ಎಂದರೆ ಅಕ್ಕ ಸುಮ್ಮನಿರುವ ಪೈಕಿಯಲ್ಲ. ಅವರ ವಂಶವನ್ನೆಲ್ಲ ಜಾಲಾಡಿ ಬಿಡುವವಳು.

ಗುಬ್ಬಿ ಎನ್ನುವುದು ಮನೆಯವರು ಇಟ್ಟ ಹೆಸರು. ಕೆಲಸದ ಕಡೆ ಅವಳನ್ನು ಹದ್ದು ಎನ್ನುತ್ತಿದ್ದರು. ನಿವೃತ್ತಿಯಾಗುವವರೆಗೂ ಅವಳು ಬಸ್ಸುಗಳಲ್ಲಿ ಟಿಕೆಟ್ ಚೆಕಿಂಗ್ ಮಾಡಿದವಳು. ಬಸ್ಸು ಹತ್ತಿ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದರೆ ಟಿಕೆಟ್ ಇಲ್ಲದವನು ಯಾವ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದಾನೆಂದು ಗೊತ್ತಾಗುತ್ತಿತ್ತು ಅವಳಿಗೆ. ಮದುವೆ ಆಗಲಿಲ್ಲ. ನೋಡಲು ಬಂದ ಗಂಡುಗಳನ್ನೂ ಹಾಗೇ ನೋಡಿ ಕಳಿಸಿದಳೆಂದು ಅಕ್ಕ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಅಕ್ಕನ ಗಂಡ ತೀರಿಕೊಂಡ ಮೇಲೆ ಅಕ್ಕ ತನ್ನ ಎರಡು ಪೆಟ್ಟಿಗೆ, ಹೊಲಿಗೆ ಮೆಷಿನ್ನು, ಚೌಕಟ್ಟು ಹಾಕಿಸಿದ ಆ ಫೋಟೋ ಹಿಡಿದು ತಂಗಿಯ ಮನೆಗೆ ಬಂದಳು. ಮೊದಲು ಮೊಳೆ ಹೊಡೆದದ್ದು ಫೋಟೋಗೆ.

ದಿನಾ ಬೆಳಿಗ್ಗೆ ಎದ್ದರೆ ಆ ಹುಡುಗಿ ಕಣ್ಣೆದುರು. ಗುಬ್ಬಿಯ ತಲೆಯಲ್ಲಿ ಹುಳ ಬಿಟ್ಟದ್ದು ಆ ಮೊಳೆಯೇ ಎಂದರೂ ಸರಿ. ಆದರೆ ಹುಳಕ್ಕೆ ಅದಕ್ಕಿಂತ ಹೆಚ್ಚು ವಯಸ್ಸಾಗಿತ್ತು.

ಮೆರವಣಿಗೆಯ ಮಾರನೇ ದಿನ ಅಪ್ಪ ಪೇಪರು ಹಿಡಿದು ಓಡಿ ಬಂದು, ನಮ್ಮ ಮಗಳು ಪೇಪರಿನಲ್ಲಿ ಬಂದಿದ್ದಾಳೆ ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದ್ದರಂತೆ. ಯಾವ ಮಗಳು ಎಂದು ಅವರು ಹೇಳಲಿಲ್ಲ. ಆಗ ಅಕ್ಕನಿಗೆ ಎಂಟು, ಗುಬ್ಬಿಗೆ ಆರು. ಹೇನು ಕಾಟಕ್ಕೆ ಅಮ್ಮ ಇಬ್ಬರ ಕೂದಲನ್ನೂ ಒಂದೇ ದಿನ ಕತ್ತರಿಸಿದ್ದಳು. ಗುಬ್ಬಿ ಇನ್ನೂ ಹಾಸಿಗೆಯಲ್ಲಿದ್ದಳು. ಎದ್ದು ಬರುವಷ್ಟರಲ್ಲಿ ಅಕ್ಕ ಅಪ್ಪನ ಹೆಗಲ ಮೇಲಿದ್ದಳು, ಬೀದಿಯವರು ಅಕ್ಕನ ಕೆನ್ನೆ ಹಿಂಡುತ್ತಿದ್ದರು. ಮಾತು ಅಲ್ಲಿಗೆ ಮುಗಿದಿತ್ತು.

ಆದರೆ ಗುಬ್ಬಿಗೆ ನೆನಪಿತ್ತು. ಕಂದು ಕುದುರೆ, ಅದರ ಬಿಸಿಯುಸಿರು ಕೈಮೇಲೆ ಬಡಿದದ್ದು, ಒದ್ದೆ ಚರ್ಮದ ವಾಸನೆ. ಕುದುರೆ ಬಳಿ ಹೋಗದವಳಿಗೆ ಅದರ ಉಸಿರು ಹೇಗೆ ಗೊತ್ತಿರುತ್ತದೆ? ಹಾಗೆಂದುಕೊಂಡು ಅವಳು ಎಷ್ಟೋ ಸಲ ಒಳಗೊಳಗೇ ಉಬ್ಬಿದ್ದಳು. ಆದರೆ ಅಕ್ಕ ಶಾಲೆಗಳಲ್ಲಿ ಭಾಷಣ ಮಾಡುವಾಗ ಅದೇ ಉಸಿರು, ಅದೇ ಚರ್ಮದ ವಾಸನೆ ಹೇಳುತ್ತಿದ್ದಳು. ತನ್ನ ನೆನಪನ್ನು ಅಕ್ಕ ಎತ್ತಿಕೊಂಡಳೋ, ಅಕ್ಕನ ಭಾಷಣ ಕೇಳಿ ಕೇಳಿ ತನ್ನ ತಲೆಗೆ ಹತ್ತಿತೋ ಗುಬ್ಬಿಗೆ ತಿಳಿಯಲಿಲ್ಲ. ಕೇಳೋಣವೆಂದರೆ ಯಾವ ಬಾಯಲ್ಲಿ ಕೇಳುವುದು?

ಒಂದು ಮಾತ್ರ ಇಬ್ಬರೂ ಜಗಳವಿಲ್ಲದೆ ನೆನೆಯುತ್ತಿದ್ದರು. ಆಗಿನ ರಾಷ್ಟ್ರದಿನಕ್ಕೆ ಯಾರೂ ಯಾರನ್ನೂ ಕರೆಯಬೇಕಾಗಿರಲಿಲ್ಲ. ವಾರದ ಮುಂಚೆಯೇ ಮನೆಮನೆಯಲ್ಲಿ ಹಿಟ್ಟಿನ ಅಂಟು ಕುದಿಸಿ ಕಾಗದದ ಬಾವುಟ ಅಂಟಿಸುತ್ತಿದ್ದರು. ಹೆಂಗಸರು ಬಕೆಟ್ ಹಿಡಿದು ಬೀದಿ ತೊಳೆಯುತ್ತಿದ್ದರು. ಬಸ್ ಡಿಪೋದವರು ತುತ್ತೂರಿ, ಡೋಲು ಹಿಡಿದು ಬ್ಯಾಂಡು ಕಟ್ಟಿಕೊಂಡು ಬರುತ್ತಿದ್ದರು. ಒಬ್ಬನ ತಾಳ ಇನ್ನೊಬ್ಬನಿಗೆ ಕೂಡದಿದ್ದರೂ ಜನ ಹಿಂದೆ ಕುಣಿಯುತ್ತಿದ್ದರು. ಎಲ್ಲಿ ಬೇಕಾದರೂ ನಿಲ್ಲಬಹುದಿತ್ತು, ಯಾರ ಹೆಗಲ ಮೇಲೆ ಬೇಕಾದರೂ ಮಕ್ಕಳನ್ನು ಕೂರಿಸಬಹುದಿತ್ತು.

ಗುಬ್ಬಿ ಕೆಲಸಕ್ಕೆ ಸೇರಿದಾಗಲೂ ಆ ದಿನ ಬಸ್ಸಿನಲ್ಲಿ ಟಿಕೆಟ್ ಇರಲಿಲ್ಲ. ಎಲ್ಲರಿಗೂ ಪುಕ್ಕಟೆ. ಆದರೂ ಡ್ಯೂಟಿ ಇತ್ತು. ವರ್ಷದಲ್ಲಿ ಅದೊಂದೇ ದಿನ ಅವಳು ಬಸ್ಸು ಹತ್ತಿ ಜನರ ಮುಖ ಸುಮ್ಮನೆ ನೋಡುತ್ತಿದ್ದಳು. ಎಷ್ಟು ಚೆನ್ನಾಗಿದ್ದಾರಲ್ಲ ಜನ ಎನಿಸುತ್ತಿತ್ತು. ಆಮೇಲೆ ಪುಕ್ಕಟೆ ನಿಂತಿತು. ಆಮೇಲೆ ಬೇಲಿ ಬಂತು, ಪಾಸು ಬಂತು, ಚೀಲ ತಡಕುವವರು ಬಂದರು, ಬಾವುಟದ ಕೆಳತುದಿಯಲ್ಲಿ ತಂಪು ಪಾನೀಯದ ಕಂಪನಿಯ ಹೆಸರು ಬಂತು. ಈಗ ಮೆರವಣಿಗೆ ಟಿವಿಯಲ್ಲೇ ಚೆನ್ನಾಗಿ ಕಾಣುತ್ತದೆಂದು ಬೀದಿಯವರೆಲ್ಲ ಬಾಗಿಲು ಹಾಕಿಕೊಂಡು ಕೂರುತ್ತಾರೆ.

ಗುರುವಾರದವರೆಗೆ ಗುಬ್ಬಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ತನ್ನ ಹೆಸರು ಕೊಟ್ಟವರು ಯಾರು? ಅಕ್ಕನ ಮೇಲೆ ಯಾರಿಗೋ ಹೊಟ್ಟೆಯುರಿ ಇರಬಹುದು. ಅಥವಾ ತಂಗಿ ಅಕ್ಕನಿಂದ ಕಿತ್ತುಕೊಳ್ಳಲು ಬರುತ್ತಾಳೋ ನೋಡೋಣವೆಂದು ಟಿವಿಯವರೇ ಹೂಡಿದ ಆಟವಿರಬಹುದು. ಹೋಗಬಾರದು ಎಂದುಕೊಂಡಳು. ಹೋಗದಿದ್ದರೆ ಗೊತ್ತಾಗುವುದು ಹೇಗೆ ಎಂದುಕೊಂಡಳು. ಅಕ್ಕನ ನಡೆಯೂ ವಿಚಿತ್ರವಾಗಿತ್ತು. ಬುಧವಾರ ಸಂಜೆ ತನ್ನ ಒಳ್ಳೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದವಳು, ಗುಬ್ಬಿ ಬಂದದ್ದು ಕಂಡು ಅದರ ಮೇಲೊಂದು ಟವಲ್ಲು ಹೊದಿಸಿದಳು. ಗುರುವಾರ ಬೆಳಿಗ್ಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದಳು. ತಾನು ಪಿಂಚಣಿ ಕಚೇರಿಗೆ ಹೋಗಬೇಕೆಂದು ಗುಬ್ಬಿಯೂ ಹೇಳಿದಳು. ಒಬ್ಬರು ಹೋದ ಅರ್ಧ ಗಂಟೆಗೆ ಇನ್ನೊಬ್ಬರು ಮನೆ ಬಿಟ್ಟರು.

ಸಮಿತಿ ಕಚೇರಿಯ ಸಭಾಂಗಣದ ಬಾಗಿಲು ತೆರೆದರೆ ಮೊದಲ ಸಾಲಿನಲ್ಲೇ ಅಕ್ಕ ಕೂತಿದ್ದಳು. ಹಲ್ಲಿಗೇನೂ ಆಗಿರಲಿಲ್ಲ, ತಂಗಿಯನ್ನು ಕಂಡು ತೆರೆದ ಬಾಯಿ ತೆರೆದೇ ಇತ್ತು, ಎಲ್ಲ ನೆಟ್ಟಗೆ ಕಾಣುತ್ತಿದ್ದವು. ಅಕ್ಕ ಒಬ್ಬಳೇ ಇರಲಿಲ್ಲ. ಅವಳ ಹಿಂದೆ, ಪಕ್ಕದಲ್ಲಿ, ಗೋಡೆಯುದ್ದಕ್ಕೂ ಹೆಚ್ಚುಕಡಿಮೆ ಅದೇ ವಯಸ್ಸಿನ ಹೆಂಗಸರು, ಸಭಾಂಗಣ ತುಂಬುವಷ್ಟು. ಕೆಲವರು ತಮ್ಮ ಚಿಕ್ಕಂದಿನ ಫೋಟೋ ತಂದಿದ್ದರು. ಒಬ್ಬಳು ಆ ಕಾಲುಚೀಲವೇ ಇದು ಎಂದು ಪ್ಲಾಸ್ಟಿಕ್ ಕವರಿನಲ್ಲಿ ಏನೋ ತಂದಿದ್ದಳು.

ಅಧಿಕಾರಿ ಬಂದು ನಗುನಗುತ್ತ ವಿವರಿಸಿದಳು. ಅರವತ್ತನೇ ವರ್ಷವೆಂದು ನೆನಪುಗಳನ್ನು ಕಳಿಸಿಕೊಡಿ ಎಂದು ಪೇಪರಿನಲ್ಲಿ ಪ್ರಕಟಣೆ ಕೊಟ್ಟಿದ್ದರು. ಫೋಟೋದಲ್ಲಿರುವುದು ನಾನೇ ಎಂದು ಇಷ್ಟು ಜನ ಮುಂದೆ ಬಂದರು. ಯಾರು ನಿಜ, ಯಾರು ಸುಳ್ಳು ಎಂದು ನೋಡುವುದು ಸಮಿತಿಯ ಕೆಲಸವಲ್ಲ. ಹಬ್ಬದ ದಿನ ಯಾರ ಮನಸ್ಸೂ ನೋಯಬಾರದು. ಆದ್ದರಿಂದ ಎಲ್ಲರೂ ವೇದಿಕೆಗೆ ಬಂದು ಒಬ್ಬೊಬ್ಬರಾಗಿ ಬಾವುಟ ಕೊಡುವುದು.

ಗುಬ್ಬಿಗೆ ಮೈ ಉರಿಯಿತು. ಬಸ್ಸಿನ ತುಂಬ ಟಿಕೆಟ್ ಇಲ್ಲದವರನ್ನು ತುಂಬಿಸಿ ಡ್ರೈವರನೇ ಕೈಬೀಸಿ ಹೊರಟಂತೆ ಇತ್ತು ಅವಳಿಗೆ. ಅಧಿಕಾರಿ ಚಹಾ ತರಿಸುತ್ತೇನೆಂದು ಆಚೆ ಹೋದದ್ದೇ ತಡ, ಎದ್ದು ನಿಂತು, ಹಳೇ ಗತ್ತಿನಲ್ಲಿ ಸಾಲಿನುದ್ದಕ್ಕೂ ಹೋದಳು. ಬಾವುಟ ಯಾವ ಕೈಯಲ್ಲಿತ್ತು ಎಂದು ಕೇಳಿದಳು. ಎಲ್ಲರೂ ಸರಿಯಾಗಿ ಹೇಳಿದರು. ಹಾಲಿನ ಪೊಟ್ಟಣ ನೋಡಿದವರೆಲ್ಲ ಹೇಳಬಲ್ಲರು. ಆಮೇಲೆ ಕುದುರೆಯ ಬಣ್ಣ ಕೇಳಿದಳು. ಫೋಟೋ ಕಪ್ಪುಬಿಳುಪು. ಒಬ್ಬಳು ಬಿಳಿ ಎಂದಳು, ಒಬ್ಬಳು ಕರಿ, ಇನ್ನೊಬ್ಬಳು ಮಚ್ಚೆ ಮಚ್ಚೆ. ಅಕ್ಕ ನೆಲ ನೋಡುತ್ತ ಕಂದು ಎಂದಳು.

ಕೊನೆಯ ಕುರ್ಚಿಯಲ್ಲಿ ಉದ್ದ ಛತ್ರಿಯನ್ನು ಊರುಗೋಲಿನಂತೆ ಹಿಡಿದ ಹೆಂಗಸೊಬ್ಬಳು ಕೂತಿದ್ದಳು. ಫೋಟೋ ತಂದಿರಲಿಲ್ಲ, ಅಲಂಕಾರವೂ ಇರಲಿಲ್ಲ.

"ಬಣ್ಣ ನಂಗೊತ್ತಿಲ್ಲಮ್ಮ," ಎಂದಳು. "ಹೆದರಿಕೆ ಆಗಿತ್ತು. ಕಣ್ಣು ಮುಚ್ಕೊಂಡಿದ್ದೆ."

ಯಾರೋ ಕಿಸಕ್ಕೆಂದರು. ಗುಬ್ಬಿ ನಗಲಿಲ್ಲ. ಗೋಡೆಗೆ ಆ ಫೋಟೋದ ದೊಡ್ಡ ಪೋಸ್ಟರು ಹಚ್ಚಿದ್ದರು. ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋದಳು. ಹುಡುಗಿ ಬಾವುಟವನ್ನೇ ನೋಡುತ್ತಿದ್ದಾಳೆಂದು ಪುಸ್ತಕದಲ್ಲಿ ಬರೆದಿದ್ದರು, ಅಕ್ಕನೂ ಹಾಗೇ ಹೇಳುತ್ತಿದ್ದಳು. ಅಷ್ಟು ದೊಡ್ಡದು ಮಾಡಿದ ಮೇಲೆ ಕಾಣುತ್ತಿತ್ತು: ರೆಪ್ಪೆ ಪೂರ್ತಿ ಮುಚ್ಚಿತ್ತು. ಬಿಗಿಯಾಗಿ, ಕಣ್ಣಿನ ಮೂಲೆ ಸುಕ್ಕುಗಟ್ಟುವ ಹಾಗೆ.

ಗುಬ್ಬಿ ತಿರುಗಿ ನೋಡಿದಳು. ಛತ್ರಿಯಾಕೆ ಕಿಟಕಿಯಾಚೆ ನೋಡುತ್ತಿರಲಿಲ್ಲ. ತನ್ನ ಮಾತು ಯಾರಾದರೂ ನಂಬಿದರೋ ಎಂದು ಸುತ್ತ ನೋಡುತ್ತಲೂ ಇರಲಿಲ್ಲ. ಚಹಾ ಯಾವಾಗ ಬರುತ್ತದೆಂದು ಬಾಗಿಲ ಕಡೆ ನೋಡುತ್ತಿದ್ದಳು. ಟಿಕೆಟ್ ಇದ್ದವರು ಕೂರುವುದು ಹಾಗೇ.

ಮನೆಗೆ ಹೋಗುವ ಬಸ್ಸಿನಲ್ಲಿ ಅಕ್ಕತಂಗಿ ಅಕ್ಕಪಕ್ಕ ಕೂತರು. ಎರಡು ಸ್ಟಾಪು ಕಳೆದ ಮೇಲೆ ಗುಬ್ಬಿಯೇ, ಹಲ್ಲು ಹೇಗಿದೆ ಎಂದಳು. ಪಿಂಚಣಿ ಬಂತಾ ಎಂದು ಅಕ್ಕ ಕೇಳಿದಳು. ಮತ್ತೊಂದು ಸ್ಟಾಪು ಹೋಯಿತು.

"ನಿನ್ನ ಹೆಸರು ನಾನೇ ಕೊಟ್ಟೆ," ಎಂದಳು ಅಕ್ಕ.

ಗುಬ್ಬಿ ತಟ್ಟನೆ ಅವಳ ಕಡೆ ತಿರುಗಿದಳು.

"ಹೋದ ವರ್ಷ ಶಾಲೆಯಲ್ಲಿ ಒಂದು ಮಗು ಕೇಳ್ತು ಕಣೇ. ಅಜ್ಜಿ, ಅದು ನೀವೇ ಅಂತ ನಿಮಗೆ ಹೇಗೆ ಗೊತ್ತು ಅಂತ. ಎಲ್ಲರೂ ನಕ್ಕರು. ನಂಗೆ ಮಾತೇ ಹೊರಡಲಿಲ್ಲ. ಅಪ್ಪ ಹೇಳಿದ್ರು ಅಂತ ಇಷ್ಟು ದಿನ ಅಂದ್ಕೊಂಡಿದ್ದೆ. ಯಾವ ಮಗಳು ಅಂತ ಅಪ್ಪ ಹೇಳಲೇ ಇಲ್ಲ ಅಲ್ವಾ?"

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮಾರನೇ ದಿನವೇ ಫೋಟೋ ತೆಗೆದು ನಿನ್ನ ರೂಮಿಗೆ ಹಾಕ್ಕೋತಿದ್ದೆ."

ಅದು ಸುಳ್ಳೆಂದು ಹೇಳಲು ಗುಬ್ಬಿಗೆ ಆಗಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇಷ್ಟು ವರ್ಷ ಹಿಡಿದುಕೊಂಡಿದ್ದನ್ನು ಈಗ, ಇಷ್ಟೊಂದು ಹೆಂಗಸರು ಪಾಲಿಗೆ ಬಂದ ಮೇಲೆ, ಬಿಟ್ಟುಕೊಡುತ್ತಿದ್ದಾಳಲ್ಲ ಎಂದು ಹೊಸದೊಂದು ಅನುಮಾನ ಹೆಡೆಯೆತ್ತಿತು. ಛತ್ರಿಯಾಕೆಯ ಮಾತು ನೀನೂ ಕೇಳಿದೆಯಾ ಎಂದು ಕೇಳಬೇಕೆಂದಿದ್ದವಳು ಕೇಳಲಿಲ್ಲ. ಅಕ್ಕ ಪೋಸ್ಟರಿನ ಹತ್ತಿರ ಹೋಗಿರಲಿಲ್ಲ, ಆದರೆ ಅಕ್ಕನ ಕಣ್ಣು ಚೆನ್ನಾಗೇ ಇದ್ದವು. ಅಲ್ಲಿಂದ ರಾಷ್ಟ್ರದಿನದವರೆಗೂ ಮನೆಯಲ್ಲಿ ಎಷ್ಟು ಬೇಕೋ ಅಷ್ಟೇ ಮಾತು. ಬಟ್ಟಲುಗಳನ್ನು ಮಾತ್ರ ಇಬ್ಬರೂ ಸ್ವಲ್ಪ ಜೋರಾಗಿ ಇಡುತ್ತಿದ್ದರು.

ಆ ದಿನ ಇಬ್ಬರೂ ಹೋದರು. ಹೋಗುವುದಿಲ್ಲವೆಂದು ಇಬ್ಬರೂ ಹೇಳಿದ್ದರು. ಬೆಳಿಗ್ಗೆ ಒಬ್ಬರಿಗೊಬ್ಬರು ಕಾಣದಂತೆ ತಯಾರಾಗಿ ಬಾಗಿಲಲ್ಲಿ ಎದುರಾದರು.

ಮೈದಾನದ ಸುತ್ತ ಬೇಲಿ. ವೇದಿಕೆಯ ಹಿಂದೆ ಮೂರು ಮಹಡಿ ಎತ್ತರದ ಪರದೆ. ವೇದಿಕೆ ನಡುವೆ ಕುದುರೆ ನಿಂತಿತ್ತು, ಫೈಬರಿನದು. ನಿಜವಾದ ಕುದುರೆಗೆ ಅನುಮತಿ ಸಿಗಲಿಲ್ಲ, ಶಬ್ದಕ್ಕೆ ಬೆದರಿದರೆ ಯಾರು ಹೊಣೆ ಎಂದು ಅಧಿಕಾರಿ ಹೇಳಿದಳು. ಮೇಲೆ ಸಿಪಾಯಿ ವೇಷದ ನಟ ಕೂತಿದ್ದ. ಎತ್ತರ ಸಾಲದೆಂದು ಹೆಂಗಸರು ಹತ್ತಲು ಎರಡು ಮೆಟ್ಟಿಲಿನ ಪೀಠ ಇಟ್ಟಿದ್ದರು. ಒಬ್ಬಳು ಹೋಗಿ ಬಾವುಟ ಕೊಡುವುದು, ನಟ ಬಗ್ಗುವುದು, ಪರದೆ ಮೇಲೆ ಅರವತ್ತು ವರ್ಷದ ಹಿಂದಿನ ಚಿತ್ರದ ಪಕ್ಕ ಈ ಮುಖ ಮೂಡುವುದು, ಜನ ಚಪ್ಪಾಳೆ ತಟ್ಟುವುದು. ಮತ್ತೊಬ್ಬಳು. ಮತ್ತೆ ಅದೇ. ಚಪ್ಪಾಳೆ ಬರಬರುತ್ತ ತೆಳ್ಳಗಾಯಿತು. ನಟನ ಹಿಂದೆ ಒಬ್ಬ ನಿಂತು, ಕೊಟ್ಟ ಬಾವುಟಗಳನ್ನು ಈಸಿಕೊಂಡು ಸಾಲಿನ ಕೊನೆಗೆ ತಿರುಗಿ ತಂದುಕೊಡುತ್ತಿದ್ದ.

ಸಾಲಿನಲ್ಲಿ ಅಕ್ಕ ಮುಂದೆ, ಗುಬ್ಬಿ ಹಿಂದೆ. ಗುಬ್ಬಿಯ ಕಣ್ಣು ಛತ್ರಿಯಾಕೆಯನ್ನು ಹುಡುಕುತ್ತಿತ್ತು. ಬಂದಿಲ್ಲ. ಯಾಕೆ ಬಂದಿಲ್ಲ? ಬರದಂತೆ ಯಾರಾದರೂ ಮಾಡಿದರೋ? ಆಗ ಗೇಟಿನ ಹತ್ತಿರ ಕಂಡಳು. ಕಾವಲಿನವನು ಛತ್ರಿಯ ಒಂದು ತುದಿ ಹಿಡಿದು ಎಳೆಯುತ್ತಿದ್ದ, ಇನ್ನೊಂದು ತುದಿ ಅವಳು ಬಿಡುತ್ತಿರಲಿಲ್ಲ.

ಗುಬ್ಬಿ ಸಾಲು ಬಿಟ್ಟು ಇಳಿದಳು. ಎಲ್ಲಿಗೆ ಎಂದು ಅಕ್ಕ ಕೇಳಿದ್ದು ಕಿವಿಗೆ ಬೀಳಲಿಲ್ಲ. ಛತ್ರಿ ಒಳಗೆ ಬಿಡುವಂತಿಲ್ಲ, ಆದೇಶವಿದೆ ಎಂದ ಕಾವಲಿನವನು. ಛತ್ರಿಯಿಲ್ಲದೆ ಇವರು ನಡೆಯುವಂತಿಲ್ಲ ಎಂದಳು ಗುಬ್ಬಿ. ಅವನು ಛತ್ರಿ ಬಿಚ್ಚಿ, ಒಳಗೆಲ್ಲ ಇಣುಕಿ, ಕಡ್ಡಿಗಳನ್ನು ಎಣಿಸುವವನಂತೆ ನೋಡಿದ. ಹೀಗೆ ನೋಡುವವರ ಎದುರು ನಿಲ್ಲುವುದು ಹೇಗಿರುತ್ತದೆಂದು ಗುಬ್ಬಿಗೆ ಮೊದಲ ಸಲ ಗೊತ್ತಾಯಿತು. ಇವರು ನಿಮಗೆ ಏನಾಗಬೇಕು ಎಂದು ಅವನು ಕೇಳಿದ.

"ನಮ್ಮವರು," ಎಂದಳು ಗುಬ್ಬಿ. "ನಾನು ಜವಾಬ್ದಾರಿ. ಬಿಡಪ್ಪ."

ಬಿಟ್ಟ. ಅಷ್ಟರಲ್ಲಿ ಅಕ್ಕನೂ ಸಾಲು ಬಿಟ್ಟು ಏದುಸಿರು ಬಿಡುತ್ತ ಬಂದಿದ್ದಳು. ತಂಗಿ ಯಾರ ಹತ್ತಿರ ಏನು ಪಿತೂರಿ ಮಾಡುತ್ತಿದ್ದಾಳೆಂದು ನೋಡದೆ ಅವಳಿಗೆ ಬಾವುಟ ಕೊಡಲಾಗಲಿಲ್ಲ. ವೇದಿಕೆ ಮೇಲೆ ಅವರಿಬ್ಬರ ಪಾಳಿ ಬಂತು, ಹೋಯಿತು, ಕೂಗಿದರೂ ಕೇಳಲಿಲ್ಲ. ಮೂವರೂ ವೇದಿಕೆಯ ಪಕ್ಕದ ಮೆಟ್ಟಿಲ ಮೇಲೆ, ವೈರುಗಳ ಸುರುಳಿ ಬದಿಗೆ ತಳ್ಳಿ ಕೂತರು. ಅಕ್ಕ ತನ್ನ ಕೈಚೀಲವನ್ನು ಛತ್ರಿಯಾಕೆಯಿಂದ ದೂರದ ತೊಡೆಗೆ ಸರಿಸಿಕೊಂಡಳು.

ಯಾಕೆ ಇಷ್ಟು ವರ್ಷ ಎಲ್ಲೂ ಹೇಳಿಕೊಳ್ಳಲಿಲ್ಲ ಎಂದು ಗುಬ್ಬಿ ಛತ್ರಿಯಾಕೆಯನ್ನು ಕೇಳಿದಳು.

"ಹೇಳೋಕೆ ನಾಚಿಕೆ," ಎಂದಳು ಅವಳು. "ನಾನೇನು ಬಾವುಟ ಕೊಡ್ಲಿಲ್ಲ. ಬಾವುಟ ನಂದೂ ಅಲ್ಲ. ಪಕ್ಕದಲ್ಲಿ ಇಬ್ಬರು ಹುಡುಗೀರು ಒಂದೇ ಬಾವುಟಕ್ಕೆ ಕಿತ್ತಾಡ್ತಿದ್ರು. ಅದು ಕೆಳಗೆ ಬಿತ್ತು, ನಾನು ಎತ್ಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಯಾರೋ ನೂಕಿದ್ರು. ನೋಡಿದ್ರೆ ಕುದುರೆ ಮೂತಿ ನನ್ನ ಮುಖದ ಹತ್ರ. ಕಣ್ಣು ಮುಚ್ಕೊಂಡು ಅದನ್ನ ಹೊಡೆಯೋಣ ಅಂತ ಕೈ ಎತ್ತಿದೆ. ಆ ಸಿಪಾಯಿ ಕೊಡ್ತಿದೀನಿ ಅಂದ್ಕೊಂಡು ಬಾವುಟ ಕಿತ್ಕೊಂಡ. ಅದನ್ನ ಯಾವ ಶಾಲೇಲಿ ಹೋಗಿ ಹೇಳ್ಲಿ?"

ಮೇಲೆ ಮತ್ತೊಂದು ಚಪ್ಪಾಳೆ ಆಯಿತು. ಅಕ್ಕ ಗುಬ್ಬಿಯ ಕಿವಿಗೆ ಬಗ್ಗಿ, ಎಲ್ಲ ಕಟ್ಟುಕಥೆ, ಚೆನ್ನಾಗಿ ಬಾಯಿಪಾಠ ಮಾಡಿಕೊಂಡು ಬಂದಿದ್ದಾಳೆ ಎಂದು ಪಿಸುಗುಟ್ಟಿದಳು. ಎಷ್ಟೋ ವರ್ಷದಿಂದ ಗುಬ್ಬಿಯ ತಲೆಗೆ ಬಾರದೆ ಇದ್ದದ್ದು ಈಗ ಬಂದಿತ್ತು. ಮೆರವಣಿಗೆ ಮುಗಿಸಿ ಮನೆಗೆ ಬಂದ ಮೇಲೆ ಅಮ್ಮ ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿ ಬೆನ್ನಿಗೆ ಒಂದೊಂದು ಕೊಟ್ಟಿದ್ದಳು.

"ಅಕ್ಕ, ಅವತ್ತು ಅಮ್ಮ ನಮಗೆ ಹೊಡೆದದ್ದು ಯಾಕೆ?"

ಅಕ್ಕ ತುಂಬ ಹೊತ್ತು ಕೈಚೀಲದ ಜಿಪ್ಪು ಎಳೆಯುತ್ತ, ಮುಚ್ಚುತ್ತ ಕೂತಳು.

"ಬಾವುಟ ಕಳೆದು ಬಂದಿದ್ದಕ್ಕೆ," ಎಂದಳು ಕೊನೆಗೆ. ತಾನು ಹೇಳಿದ್ದು ತನಗೇ ಕೇಳಿಸಿದಂತೆ ಅವಳ ಕೈ ಜಿಪ್ಪಿನ ಮೇಲೇ ನಿಂತಿತು. ಆಮೇಲೆ ಮುಖ ಗಂಟಿಕ್ಕಿಕೊಂಡಳು. "ಕೈ ಬಿಟ್ಟವಳು ನೀನು. ನಾನು ಭದ್ರವಾಗಿ ಹಿಡಿದಿದ್ದೆ."

"ನೀನು ಎಳೆದೆ. ಎಳೆದದ್ದಕ್ಕೆ ಬಿತ್ತು."

"ನಂದು ಅಂತ ಮೊದಲೇ ಹೇಳಿದ್ದೆ."

"ಇಬ್ಬರಿಗೂ ಅಂತ ಅಪ್ಪ ಅಂಟಿಸಿಕೊಟ್ಟದ್ದು."

ಛತ್ರಿಯಾಕೆ ಛತ್ರಿಯ ಹಿಡಿಯ ಮೇಲೆ ಗಲ್ಲ ಊರಿಕೊಂಡು, ಕಣ್ಣು ಕಿರಿದು ಮಾಡಿ, ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡತೊಡಗಿದಳು.

"ಅಲ್ಲಮ್ಮ," ಎಂದಳು ನಿಧಾನವಾಗಿ, "ಅವತ್ತು ನೀವಿಬ್ರೂ ಎಲ್ಲಿ ನಿಂತಿದ್ರಿ?"